ಮೊಣಕೈ ಗುಳಿಗಳು

ತರಬೇತಿ ಮೈದಾನದ ಆಚೆ ತುದಿಯಲ್ಲಿ ನಿಂತಿದ್ದ ಹಳೆಯ ಟ್ಯಾಂಕಿಗೆ ಎಂಜಿನ್ ಇರಲಿಲ್ಲ. ಒಳಗಿದ್ದದ್ದನ್ನೆಲ್ಲ ಯಾವ ಕಾಲದಲ್ಲೋ ಬಿಚ್ಚಿಕೊಂಡು ಹೋಗಿದ್ದರು. ಉಳಿದದ್ದು ಕಬ್ಬಿಣದ ಒಡಲು, ತುಕ್ಕು ಹಿಡಿದರೂ ಉರುಳುವ ಚಕ್ರಗಳು, ಚಾಲಕನ ಕಿಂಡಿಯಲ್ಲಿ ಒಂದು ಹಕ್ಕಿಗೂಡು. ಅದರ ಎಡಮಗ್ಗುಲಿಗೆ ತೆಳು ತಗಡು ಹೊದಿಸಿದ್ದರು. ಹೊಸ ಸಿಪಾಯಿಗಳು ಹೆಗಲ ಮೇಲೆ ಕೊಳವೆ ಇಟ್ಟುಕೊಂಡು ಆ ತಗಡಿಗೆ ರಾಕೆಟ್ ಹೊಡೆಯುವುದನ್ನು ಕಲಿಯುತ್ತಿದ್ದರು. ಅಭ್ಯಾಸದ ರಾಕೆಟ್ಟಿನ ಮೂತಿಯಲ್ಲಿ ಮದ್ದಿನ ಬದಲು ಸಿಮೆಂಟು. ಬಡಿದಲ್ಲಿ ತಗಡು ಹರಿಯುತ್ತಿತ್ತು, ಅಷ್ಟೆ. ಹರಿದ ತಗಡಿಗೆ ವಾರಕ್ಕೊಮ್ಮೆ ತೇಪೆ ಹಾಕುವುದು ಬೆಸುಗೆ ಅಕ್ಕನ ಕೆಲಸ.

ಅವಳು ಸಿಪಾಯಿಯಲ್ಲ. ಮೈದಾನದ ಬೇಲಿಗೆ ಒತ್ತಿಕೊಂಡಿದ್ದ ತಗಡಿನ ಶೆಡ್ಡು ಅವಳದು, ಅದರ ಹಿಂದಿನ ಎರಡು ಕೋಣೆ ಅವಳ ಮನೆ. ಶನಿವಾರ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಟ್ಯಾಂಕನ್ನು ಶೆಡ್ಡಿನವರೆಗೆ ಎಳೆದು ತರುತ್ತಿದ್ದಳು. ತೇಪೆ ಮುಗಿದ ಮೇಲೆ ವಾಪಸು ಎಳೆದುಕೊಂಡು ಹೋಗಿ ಸುಣ್ಣ ಬಳಿದ ನಾಲ್ಕು ಕಲ್ಲುಗಳ ನಡುವೆ ನಿಲ್ಲಿಸುತ್ತಿದ್ದಳು. ಒಂದು ಬೆರಳಗಲ ಆಚೀಚೆ ಆದರೂ ಅವಳಿಗೆ ಸಮಾಧಾನವಿಲ್ಲ. ಇಳಿದು ನೋಡಿ, ಮತ್ತೆ ಹತ್ತಿ, ಮತ್ತೆ ಎಳೆದು, ನಾಲ್ಕು ಕಲ್ಲಿಗೂ ಸರಿಯಾಗಿ ಕೂಡುವವರೆಗೆ ಬಿಡುತ್ತಿರಲಿಲ್ಲ. ಮೂರು ವರ್ಷ ಹೀಗೇ ನಡೆದಿತ್ತು. ಆ ಅಚ್ಚುಕಟ್ಟಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಕಲಿಸುವವನು ಅವಳ ಅಣ್ಣ, ಹುಡುಗರಿಗೆಲ್ಲ ಮಾಸ್ತರು. ಹಿಂದೊಂದು ಯುದ್ಧದಲ್ಲಿ ಇದೇ ಕೊಳವೆ ಹೊತ್ತವನು, ಆ ಸದ್ದಿಗೇ ಬಲಗಿವಿ ಕಳೆದುಕೊಂಡವನು. ಯಾರು ಮಾತಾಡಿಸಿದರೂ ಎಡಗಿವಿ ಮುಂದೆ ಮಾಡಿ ಅಡ್ಡಡ್ಡ ನಿಲ್ಲುವುದರಿಂದ, ಮಾಸ್ತರು ಯಾವಾಗಲೂ ಯಾರನ್ನೋ ಅನುಮಾನಿಸುತ್ತಿರುವ ಹಾಗೆ ಕಾಣುತ್ತಿದ್ದರು. ಅವರ ತಂಡಗಳು ಪರೀಕ್ಷೆಯಲ್ಲಿ ತಪ್ಪಿದ್ದೇ ಇಲ್ಲ. ಹನ್ನೊಂದು ವರ್ಷ, ಹೊಡೆದವರೆಲ್ಲ ಪಾಸು. ಹೊಡೆಯುವವರು ಇಳಿದು ನಿಲ್ಲುವ ಗುಂಡಿಯ ಮುಂದಿನ ಗಿಡ್ಡ ಗೋಡೆ ಮಣ್ಣು ಸಿಮೆಂಟು ಕಲಸಿ ಕಟ್ಟಿದ್ದು. ಅದರ ಮೇಲೆ ನೂರಾರು ಮೊಣಕೈಗಳು ಊರಿ ಊರಿ ಎರಡು ನುಣುಪಾದ ಗುಳಿ ಬಿದ್ದಿದ್ದವು. ಪ್ರತಿ ಹೊಸ ತಂಡವನ್ನೂ ಮಾಸ್ತರು ಮೊದಲ ದಿನವೇ ಅಲ್ಲಿ ನಿಲ್ಲಿಸಿ ಹೇಳುತ್ತಿದ್ದರು: "ಮುಟ್ಟಿ ನೋಡಿ. ನಿಮಗಿಂತ ಮೊದಲು ಬಂದವರ ಮೊಣಕೈ ಇದು. ಇಲ್ಲಿ ಊರಿದವರು ಯಾರೂ ತಪ್ಪಿಲ್ಲ." ಹುಡುಗರು ಮುಟ್ಟಿ ನೋಡುತ್ತಿದ್ದರು. ಕೆಲವರು ಆ ಕೈಯನ್ನು ಎದೆಗೂ ಒತ್ತಿಕೊಳ್ಳುತ್ತಿದ್ದರು.

ಈ ಸಲದ ಮೂವತ್ತು ಜನರಲ್ಲಿ ಬೆಸುಗೆ ಅಕ್ಕನ ಮಗಳೂ ಇದ್ದಳು. ತಂಡದವರ ಬಾಯಲ್ಲಿ ಅವಳು ಕಡ್ಡಿ. ಹಾಗಿದ್ದಳು. ಬುಧವಾರ ಪರೀಕ್ಷೆ, ಶುಕ್ರವಾರ ಗಡಿಗೆ ಲಾರಿ.

ಸೋಮವಾರ ಮಧ್ಯಾಹ್ನ ಶೆಡ್ಡಿಗೆ ಒಬ್ಬ ಕುಂಟುತ್ತ ಬಂದ. ಹೋದ ವರ್ಷದ ತಂಡದವನು, ಗಡಿಯಿಂದ ವಾಪಸಾದವನು. ಅವನ ಊರುಗೋಲಿನ ಕಬ್ಬಿಣದ ಪಾದ ಕಿತ್ತು ಬಂದಿತ್ತು.

"ಬೆಸುಗೆ ಅಕ್ಕ, ಇದಕ್ಕೊಂದು ಟಾಕಿ ಹಾಕಿಕೊಡಿ. ನಂಗಿಂತ ಮೊದಲು ಇದೇ ಸೋತುಹೋಯ್ತು."

ಅವಳು ಕೋಲನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸಿದಳು. ಅವನು ಎಣ್ಣೆ ಡಬ್ಬದ ಮೇಲೆ ಕೂತು ಬೇಲಿಯಾಚೆ ನೋಡುತ್ತಿದ್ದ. ಗುಂಡಿಯಿಂದ ಒಂದು ರಾಕೆಟ್ ಹೊರಟು ದೂರದಲ್ಲಿ ತಗಡು ಢಣ್ ಎಂದಿತು.

"ಬಿತ್ತು," ಎಂದ ಅವನು. "ಇಲ್ಲಿ ಬೀಳುತ್ತೆ."

"ಅಲ್ಲಿ?"

ಬೆಸುಗೆಯ ಕಿಡಿ ಹಾರಿತು, ಆರಿತು. ಕೋಲಿನ ಪಾದ ಕೆಂಪಗಿದ್ದದ್ದು ಕಪ್ಪಗಾಯಿತು.

"ನಮ್ಮ ಗುಂಪು ಹದಿನಾಲ್ಕು ಹೊಡೀತು ಅಕ್ಕ. ಒಂದು ತಗುಲ್ತು. ಅದೂ ನಮ್ಮ ಪುಣ್ಯಕ್ಕೆ ಅದೇ ಬಂದು ಅಡ್ಡ ನಿಂತ್ಕೊಳ್ತು." ಅವನು ನಗಲು ನೋಡಿದ. "ಮೊಣಕೈ ಎಲ್ಲಿಡಬೇಕು ಅಂತಾನೇ ಗೊತ್ತಾಗ್ಲಿಲ್ಲ. ಅಲ್ಲಿ ಗುಳಿ ಇರಲಿಲ್ಲವಲ್ಲ."

ಅವನು ಹೋದ ಮೇಲೆ ಅವಳು ಕೆಲಸಕ್ಕೆ ಕೈ ಹಾಕಲಿಲ್ಲ. ಮೂರು ವರ್ಷ ತಾನು ಹಾಕಿದ ತೇಪೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಎಲ್ಲವೂ ಒಂದೇ ಕಡೆ, ಒಂದು ಊಟದ ತಟ್ಟೆಯಷ್ಟು ಜಾಗದಲ್ಲಿ, ತೇಪೆಯ ಮೇಲೆ ತೇಪೆ. ತಗಡಿನ ಉಳಿದ ಭಾಗದ ಬಣ್ಣ ಕೂಡ ಹೋಗಿರಲಿಲ್ಲ. ಇಷ್ಟು ರಾಕೆಟ್ಟುಗಳ ನಡುವೆ ಕಿಂಡಿಯ ಹಕ್ಕಿ ಪ್ರತಿ ವರ್ಷ ಮರಿ ಮಾಡಿ ಹಾರಿಸಿತ್ತು. ಹುಡುಗರು ಚೆನ್ನಾಗಿ ಹೊಡೆಯುತ್ತಾರೆ ಎಂದುಕೊಂಡಿದ್ದಳಲ್ಲದೆ ಅದರಾಚೆ ಯೋಚಿಸಿರಲಿಲ್ಲ.

ಸಂಜೆ ಮೈದಾನ ಖಾಲಿಯಾದಾಗ ಕೊಳವೆಯಷ್ಟೇ ಉದ್ದದ ಒಂದು ನೀರಿನ ಪೈಪು ಹೊತ್ತು ಗುಂಡಿಗೆ ಹೋದಳು. ಅಣ್ಣ ಅಲ್ಲೇ ಪಟ್ಟಿ ಬರೆಯುತ್ತ ಕೂತಿದ್ದ.

"ಏನದು? ಗುಂಡಿಗೂ ನಲ್ಲಿ ಹಾಕ್ತೀಯಾ?"

"ಅಣ್ಣ, ನಾನು ಯಾವತ್ತಾದ್ರೂ ಕೊಳವೆ ಹಿಡಿದಿದ್ದೀನಾ?"

"ಸಾರಿನ ಸೌಟು ಹಿಡಿಯೋಕೇ ನಿಂಗೆ ಸರಿಯಾಗಿ ಬರಲ್ಲ."

ಅವಳು ಗುಂಡಿಗೆ ಇಳಿದು, ಪೈಪನ್ನು ಹೆಗಲಿಗೇರಿಸಿ, ಮೊಣಕೈಗಳನ್ನು ಗುಳಿಗಳಲ್ಲಿ ಊರಿದಳು. ಅವು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಆಮೇಲೆ ಕಣ್ಣು ಮುಚ್ಚಿದಳು.

"ಈಗ ಹಿಂದಿನಿಂದ ಪೈಪಿನೊಳಗೆ ನೋಡು."

ಅವನು ಗೊಣಗುತ್ತ ಬಗ್ಗಿದ. ಪೈಪಿನ ದುಂಡನೆಯ ಬೆಳಕಿನೊಳಗೆ, ಇನ್ನೂರು ಮೀಟರ್ ಆಚೆ, ಮೊನ್ನೆ ಹಾಕಿದ ತೇಪೆ ಸಂಜೆಯ ಬಿಸಿಲಿಗೆ ನಾಣ್ಯದ ಹಾಗೆ ಹೊಳೆಯುತ್ತಿತ್ತು.

ಅವನು ಬಗ್ಗಿದವನು ಬಗ್ಗಿಯೇ ಇದ್ದ. ಅವಳು ಕಣ್ಣು ಮುಚ್ಚಿಯೇ ಇದ್ದಳು.

"ನೀನು ಕಲಿಸಿದ್ದು ಗುರಿಯಲ್ಲ ಅಣ್ಣ," ಎಂದಳು. "ಈ ಗೋಡೆ ಗುರಿ ಇಡ್ತಿತ್ತು. ಟ್ಯಾಂಕನ್ನ ಅದರೆದುರು ತಂದು ತಂದು ನಿಲ್ಲಿಸಿದವಳು ನಾನು. ತಪ್ಪು ಇಬ್ಬರದೂ ಇದೆ. ಬುಧವಾರ ಅದನ್ನ ಬೇರೆ ಕಡೆ ನಿಲ್ಲಿಸೋಣ."

ಅವನು ಸೊಂಟ ಹಿಡಿದುಕೊಂಡು ನೆಟ್ಟಗಾದ. ಎಡಗಿವಿ ಅವಳ ಕಡೆ ಇರಲಿಲ್ಲ. ಆದರೂ ಕೇಳಿಸಿಕೊಂಡಿದ್ದ.

"ಬುಧವಾರ ದೊಡ್ಡ ಸಾಹೇಬರು ಬರ್ತಾರೆ. ಮೂವತ್ತೂ ಜನ ತಪ್ಪಿದ್ರೆ ಲಾರಿ ಖಾಲಿ ಹೋಗುತ್ತೆ." ಸ್ವಲ್ಪ ತಡೆದು, ಬೇರೆಯದೇ ದನಿಯಲ್ಲಿ ಕೇಳಿದ: "ನಿಂಗೆ ಬೇಕಾಗಿರೋದೂ ಅದೇ ತಾನೆ? ಆ ಲಾರಿಯಲ್ಲಿ ನಿನ್ನ ಮಗಳಿದ್ದಾಳೆ."

ಅವಳು ಪೈಪು ಇಳಿಸಿ ಮನೆಗೆ ಬಂದಳು.

ಆ ಪ್ರಶ್ನೆ ಎರಡು ರಾತ್ರಿ ಒಂದು ಹಗಲು ಅವಳ ಜೊತೆ ಮನೆಯೊಳಗೇ ಓಡಾಡಿತು. ಅವಳು ಅದನ್ನು ಹೊರಗೆ ಅಟ್ಟಲಿಲ್ಲ. ಮಗಳು ಹೋಗಬಾರದು ಎಂದು ಅನಿಸಿದ್ದು ಸುಳ್ಳಲ್ಲ. ಹೆಸರು ಕೊಟ್ಟು ಬಂದ ದಿನ ಅನಿಸಿತ್ತು, ಈಗಲೂ ಪಾತ್ರೆ ತೊಳೆಯುವಾಗ, ಹಾಸಿಗೆ ಬಿಡಿಸುವಾಗ ಅನಿಸುತ್ತಿತ್ತು. ಆದರೆ ತಡೆಯಲೇಬೇಕೆಂದಿದ್ದರೆ ದಾರಿ ಬೇರೆ ಇತ್ತು. ಅಣ್ಣನ ಕೈಹಿಡಿದು, ಇವಳೊಬ್ಬಳನ್ನ ಫೇಲು ಮಾಡು ಎಂದು ಅತ್ತಿದ್ದರೆ ಸಾಕಿತ್ತು. ಅದನ್ನು ಅವಳು ಕೇಳಿರಲಿಲ್ಲ. ಹೋಗುವವಳು ಹೋಗಲಿ. ಹೋದಲ್ಲಿ ಕಬ್ಬಿಣ ಎದುರು ಬಂದಾಗ, ಗುಳಿ ಹುಡುಕುತ್ತ ಕೂರಬಾರದು.

ಮಂಗಳವಾರ ರಾತ್ರಿಯೂಟಕ್ಕೆ ಮೂವರೂ ಒಂದೇ ಮೇಜಿಗೆ ಕೂತರು. ಎದುರು ಮನೆಯಲ್ಲೇ ಇದ್ದ ಅಣ್ಣ ದಿನವೂ ಇಲ್ಲೇ ಉಣ್ಣುತ್ತಿದ್ದ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅಮ್ಮ," ಮಗಳು ಕೇಳಿದಳು, "ನೀನು ಟ್ಯಾಂಕು ಜರುಗಿಸಬೇಕು ಅಂತಿದ್ದೀಯಂತೆ?"

"ಯಾರಂದ್ರು?"

"ಮಾವನ ಮುಖಾನೇ ಅಂತಿದೆ. ನಾಳೆ ನಾನು ತಪ್ಪಿದ್ರೆ ಎಲ್ಲರೂ ಏನಂತಾರೆ ಗೊತ್ತಾ? ಕಡ್ಡಿಯ ಅಮ್ಮ ಮಗಳನ್ನ ಸೆರಗಲ್ಲಿ ಕಟ್ಟಿಕೊಳ್ಳೋಕೆ ಟ್ಯಾಂಕನ್ನೇ ಎಳ್ಕೊಂಡು ಹೋದ್ಲು ಅಂತಾರೆ."

"ಅನ್ನಲಿ."

"ನನ್ನ ಮುಖ ನೋಡಿ ಹೇಳು. ನಾನು ಹೋಗೋದು ನಿಂಗೆ ಇಷ್ಟವಾ?"

"ಇಷ್ಟ ಇಲ್ಲ," ಎಂದಳು ತಾಯಿ. "ಇಷ್ಟಾನೇ ಇಲ್ಲ. ಈಗ ಊಟ ಮಾಡು."

ಮಗಳು ಅರ್ಧ ತಟ್ಟೆ ಬಿಟ್ಟು ಎದ್ದು ಹೋದಳು. ಅಣ್ಣ ತಟ್ಟೆ ತೊಳೆದಿಟ್ಟು ತನ್ನ ಮನೆಗೆ ಹೋದ.

ಬುಧವಾರ ಬೆಳಕು ಹರಿಯುವ ಮೊದಲೇ ಟ್ರ್ಯಾಕ್ಟರ್ ಗುಡುಗಿತು. ಬೆಸುಗೆ ಅಕ್ಕ ಟ್ಯಾಂಕನ್ನು ನಾಲ್ಕು ಕಲ್ಲುಗಳಿಂದ ಹೊರಗೆ ಎಳೆದಳು. ಬಲಕ್ಕೆ, ಇನ್ನೂ ಬಲಕ್ಕೆ, ನೆಲ ಉಬ್ಬಿದ ಕಡೆಯ ಆಚೆಗೆ ಎಳೆದು, ಓರೆಯಾಗಿ ನಿಲ್ಲಿಸಿದಳು. ಗುಂಡಿಯಿಂದ ನೋಡಿದರೆ ಅದರ ಮೇಲರ್ಧ ಮಾತ್ರ ಕಾಣಬೇಕು, ಹಾಗೆ. ಆಮೇಲೆ ಗ್ಯಾಸ್ ಕಟರ್ ಹೊತ್ತಿಸಿ, ಸರಪಳಿ ಸಿಕ್ಕಿಸುವ ದಪ್ಪ ಕೊಂಡಿಯನ್ನು ಬುಡದಿಂದಲೇ ಕತ್ತರಿಸಿ ಹಾಕಿದಳು.

ದೊಡ್ಡ ಸಾಹೇಬರು ಎಂಟಕ್ಕೆ ಬಂದರು. ಇಸ್ತ್ರಿಯ ಗೆರೆ ಮುರಿಯದ ಹಾಗೆ ನಡೆಯುವ ಮನುಷ್ಯ. ದುರ್ಬೀನು ಕಣ್ಣಿಗಿಟ್ಟವರು ಇಳಿಸಿದರು, ಒರೆಸಿದರು, ಮತ್ತೆ ಇಟ್ಟರು.

"ಟ್ಯಾಂಕು ಅಲ್ಯಾಕಿದೆ?"

ಮಾಸ್ತರು ಬಾಯಿ ತೆರೆಯುವ ಮೊದಲೇ ಬೇಲಿಯ ಹತ್ತಿರ ನಿಂತಿದ್ದ ಬೆಸುಗೆ ಅಕ್ಕ ಹೇಳಿದಳು: "ಚಕ್ರ ಇದೆಯಲ್ಲ ಸಾರ್, ಅದಕ್ಕೆ ಹೋಗಿದೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಗಳು ನೆಲ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು.

"ತಮಾಷೆ ಬೇಡ. ಇದ್ದ ಜಾಗಕ್ಕೆ ತಂದಿಡಿ."

"ಎಳೆಯೋ ಕೊಂಡಿ ಕತ್ತರಿಸಿಬಿಟ್ಟಿದ್ದೀನಿ ಸಾರ್. ಹೊಸದು ಮಾಡಿ ಬೆಸೆಯೋಕೆ ನಾಳೆ ಸಂಜೆ ಆಗುತ್ತೆ."

"ಬೇರೆ ಬೆಸುಗೆಯವರನ್ನ ಕರೀರಿ."

"ಈ ಊರಿಗೆ ನಾನೊಬ್ಬಳೇ ಸಾರ್."

ಸಾಹೇಬರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಅವಳೂ ಅವರನ್ನು ಹಾಗೇ ನೋಡಿದಳು. "ಸರಿ," ಎಂದರು ಅವರು, "ಹೊಡೆಯೋರಿಗೆ ಎಲ್ಲಿದ್ರೇನು? ಶುರು ಮಾಡಿ."

ಮೊದಲನೆಯವನು ಗುಂಡಿಗಿಳಿದ. ಕೊಳವೆಯ ಹಿಂಬದಿಯಿಂದ ಬರುವ ಉರಿ ಮನುಷ್ಯರನ್ನು ಸುಡುತ್ತದೆ. ಅದಕ್ಕೇ ಹೊಡೆಯುವ ಮುನ್ನ ಮಾಸ್ತರು ಕೇಳುವುದು, ಸಿಪಾಯಿ ತಿರುಗಿ ನೋಡಿ ಉತ್ತರಿಸುವುದು ಕ್ರಮ.

"ಹಿಂದೆ ಯಾರು?"

"ಹಿಂದೆ ಯಾರೂ ಇಲ್ಲ!"

ಮೊಣಕೈಗಳು ಗುಳಿಗಿಳಿದವು. ರಾಕೆಟ್ ನೆಟ್ಟಗೆ ಹೋಯಿತು. ಸುಣ್ಣದ ನಾಲ್ಕು ಕಲ್ಲುಗಳ ನಡುವಿನ ಖಾಲಿ ಗಾಳಿಯನ್ನು ಅಚ್ಚುಕಟ್ಟಾಗಿ ಸೀಳಿಕೊಂಡು, ದೂರದ ಮಣ್ಣಿನ ದಿಬ್ಬಕ್ಕೆ ಬಡಿಯಿತು. ಹುಡುಗರು ನಕ್ಕರು. ಎರಡನೆಯವನ ರಾಕೆಟ್ಟೂ ಅಲ್ಲಿಗೇ ಹೋಯಿತು. ಅವನು ಟ್ಯಾಂಕನ್ನು ನೋಡಿಯೇ ಹೊಡೆದಿದ್ದ. ಆದರೆ ಕೊನೆಯ ಗಳಿಗೆಯಲ್ಲಿ ಮೈಯೇ ಹಳೆಯ ಕಡೆ ತಿರುಗಿಬಿಟ್ಟಿತ್ತು. ಈ ಸಲ ನಗೆ ಸಣ್ಣದಾಗಿತ್ತು. ಮೂರನೆಯವನು ಮೊಣಕೈ ಗುಳಿಯಿಂದ ಎತ್ತಿದ, ದಿಕ್ಕು ಸರಿಯಾಯಿತು, ದೂರ ಸರಿಯಾಗಲಿಲ್ಲ. ರಾಕೆಟ್ ಉಬ್ಬಿಗೆ ಬಡಿದು ಮಣ್ಣು ಹಾರಿಸಿತು. ಹನ್ನೊಂದು ವರ್ಷದಿಂದ ಯಾರೂ ಇನ್ನೂರು ಮೀಟರ್ ಬಿಟ್ಟು ಬೇರೆ ದೂರ ಅಂದಾಜು ಮಾಡಿರಲಿಲ್ಲ. ಐದನೆಯವನ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

ಆರನೆಯವಳು ಕಡ್ಡಿ.

ಅವಳು ಗುಂಡಿಗಿಳಿಯುವ ಮೊದಲು ತಾಯಿಯ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ. ಹೊಡೆದೇ ತೋರಿಸುತ್ತೇನೆ ಎಂಬ ಹಟವಿತ್ತು. ಬೆಸುಗೆ ಅಕ್ಕ ಬೇಲಿಯ ತಂತಿ ಹಿಡಿದುಕೊಂಡಳು. ಆ ಗಳಿಗೆಯಲ್ಲಿ ಅವಳಿಗೇ ತಿಳಿಯಿತು: ಮಗಳದ್ದು ತಗುಲಲಿ ಎಂದೇ ಅವಳು ಬೇಡುತ್ತಿದ್ದಳು. ಅಣ್ಣನ ಪ್ರಶ್ನೆಗೆ ಉತ್ತರ ಎಲ್ಲಿತ್ತೋ ಅಲ್ಲಿಂದ ಈಗ ತಾನಾಗಿ ಎದ್ದು ಬಂದಿತ್ತು.

"ಹಿಂದೆ ಯಾರು?"

"ಹಿಂದೆ ಯಾರೂ ಇಲ್ಲ!"

ರಾಕೆಟ್ ಟ್ಯಾಂಕಿನ ನೆತ್ತಿಯ ಮೇಲಿಂದ ಹಾರಿಹೋಯಿತು. ಕಿಂಡಿಯ ಹಕ್ಕಿ ಮೊದಲ ಬಾರಿಗೆ ಹೆದರಿ ಹಾರಿತು.

ಸಾಹೇಬರು ದುರ್ಬೀನನ್ನು ಚೀಲಕ್ಕೆ ಹಾಕಿದರು.

"ಸಾಕು. ಇದು ಪರೀಕ್ಷೆಯಲ್ಲ, ಯಾರದೋ ಕಿತಾಪತಿ. ಮಾಸ್ತರೆ, ಹೋದ ವಾರದ ಅಂಕಗಳೇ ಇರಲಿ. ಎಲ್ಲರೂ ಪಾಸು. ಸಹಿ ಹಾಕಿ. ಶುಕ್ರವಾರ ಹೊರಡಲಿ."

ಮಾಸ್ತರು ಕಿವುಡಾದ ಕಿವಿಯನ್ನು ಸಾಹೇಬರ ಕಡೆಗಿಟ್ಟುಕೊಂಡು ಗುಂಡಿಯತ್ತ ನಡೆದರು. ಅಲ್ಲಿ ಒರಗಿಸಿದ್ದ ಹಾರೆ ತೆಗೆದುಕೊಂಡರು. ಮೊದಲ ಏಟಿಗೆ ಎಡಗುಳಿಯ ಅಂಚು ಸಿಡಿಯಿತು. ಅರವತ್ತು ದಾಟಿದ ಮನುಷ್ಯ, ಸೊಂಟ ನೋವು ಬೇರೆ. ಆದರೂ ಗೋಡೆಯ ಮೇಲ್ಭಾಗ ಪೂರ್ತಿ ಉದುರುವವರೆಗೆ ಯಾರ ಮಾತೂ ಕೇಳಿಸಿಕೊಳ್ಳದೆ ಕುಟ್ಟಿದರು. ಆಮೇಲೆ ಹಾರೆಗೆ ಆತು ನಿಂತರು.

"ಸಹಿ ಹಾಕಲ್ಲ ಸಾರ್."

"ಏನಂದ್ರಿ?"

"ಯುದ್ಧದಲ್ಲಿ ನಾನು ಹೊಡೆದು ಕೆಡವಿದ್ದು ಒಂದೇ ಒಂದು ಟ್ಯಾಂಕು ಸಾರ್. ಚರಂಡಿಯಲ್ಲಿ ಅರ್ಧ ದಿನ ಮಲಗಿದ್ದೆ. ಅದು ನನ್ನ ದಾಟಿ ಮುಂದೆ ಹೋದ ಮೇಲೆ ಹಿಂದಿನಿಂದ ಹೊಡೆದೆ. ಅದಕ್ಕೂ ಮೊದಲು ನಾಲ್ಕು ಸಲ ತಪ್ಪಿದ್ದೆ. ತಪ್ಪಿದಾಗ ಪಕ್ಕದಲ್ಲಿದ್ದವರು ಏನಾದ್ರು ಅಂತ ನೋಡಿದ್ದೀನಿ." ಅವರು ಉಸಿರು ತೆಗೆದುಕೊಂಡರು. "ಇವರು ತಪ್ಪೋದನ್ನ ನೋಡೋಕೆ ನಂಗೆ ಧೈರ್ಯ ಇರಲಿಲ್ಲ. ಅದಕ್ಕೇ ಹನ್ನೊಂದು ವರ್ಷ ತಪ್ಪದ ಹಾಗೆ ನೋಡಿಕೊಂಡೆ. ಇನ್ನು ಸಹಿ ಹಾಕಲ್ಲ."

"ನಿಮ್ಮ ಸಹಿ ಇಲ್ಲದೇನೂ ಕೆಲಸ ನಡೆಯುತ್ತೆ."

ಆಗ ಗುಂಡಿಯೊಳಗಿಂದ ಕಡ್ಡಿಯ ದನಿ ಬಂತು. ಅವಳ ತಲೆಯ ಮೇಲೆಲ್ಲ ಗೋಡೆಯ ಪುಡಿ.

"ಸಾರ್, ನಾನು ಫೇಲು. ಹಾಗೇ ಬರ್ಕೊಳ್ಳಿ."

"ನೀನು ಸುಮ್ಮನಿರು."

"ಹೊಡೆದೋಳು ನಾನು, ತಪ್ಪಿದೋಳು ನಾನು. ಪಾಸು ಅಂತ ಬರೆದ್ರೆ ಲಾರಿ ಹತ್ತಲ್ಲ."

ಐದನೆಯವನು ಕೈ ಎತ್ತಿದ. "ನಾನೂ ಫೇಲು ಸಾರ್." ನಾಲ್ಕನೆಯವನು, ಮೂರನೆಯವನು. ಸಾಲಿನ ಆ ತುದಿಯಲ್ಲಿದ್ದ ದಪ್ಪನೆಯ ಹುಡುಗನೊಬ್ಬ ಎರಡೂ ಕೈ ಎತ್ತಿದ.

"ನೀನು ಇನ್ನೂ ಹೊಡೆದೇ ಇಲ್ಲವಲ್ಲೋ!"

"ಹೊಡೆದಿದ್ರೂ ಅಷ್ಟೇ ಆಗ್ತಿತ್ತು ಸಾರ್."

ಮೂವತ್ತೂ ಜನರ ಕೈಗಳು ಮೇಲಿದ್ದವು. ಸಾಹೇಬರು ಆ ಕೈಗಳನ್ನು, ಒಡೆದ ಗೋಡೆಯನ್ನು, ಉಬ್ಬಿನಾಚೆ ತಲೆ ಮಾತ್ರ ತೋರಿಸುತ್ತಿದ್ದ ಟ್ಯಾಂಕನ್ನು ಸರದಿಯಲ್ಲಿ ನೋಡಿದರು. ಮೂವತ್ತು ಜನರನ್ನು ಹೊತ್ತು ಲಾರಿಗೆ ಹಾಕಲು ಆಗುವುದಿಲ್ಲ ಎಂಬ ಲೆಕ್ಕ ಅವರಿಗೂ ತಿಳಿದಿತ್ತು.

"ಹನ್ನೆರಡು ದಿನ," ಎಂದರು. "ಹದಿಮೂರನೇ ದಿನ ಲಾರಿ ಹೊರಡುತ್ತೆ, ಯಾರ ನೆಪವೂ ಕೇಳಲ್ಲ." ಬೇಲಿಯ ಹತ್ತಿರ ಬಂದಾಗ ನಿಂತು ಬೆಸುಗೆ ಅಕ್ಕನಿಗೆ ಹೇಳಿದರು: "ಆ ಹನ್ನೆರಡು ದಿನ ಮುಗಿದ ಮೇಲೆ ನೀವು ಈ ಗೇಟಿನೊಳಗೆ ಕಾಲಿಡಬಾರದು."

"ಹನ್ನೆರಡು ದಿನ ಸಾಕು ಸಾರ್," ಎಂದಳು ಅವಳು.

ಮರುದಿನ ಸಂಜೆ ಕೊಂಡಿ ಬೆಸೆದಳು, ಟ್ಯಾಂಕಿನ ಬೆನ್ನಿಗೂ ಬಲಮಗ್ಗುಲಿಗೂ ತಗಡು ಹೊದಿಸಿದಳು. ಅಲ್ಲಿಂದ ಮುಂದೆ ಪ್ರತಿ ಮುಂಜಾನೆ ಟ್ಯಾಂಕು ಬೇರೆ ಕಡೆ. ಒಂದು ದಿನ ಮುರಿದ ಗೋಡೆಯ ಹಿಂದೆ, ಒಂದು ದಿನ ಪೊದೆಯ ಮರೆಯಲ್ಲಿ, ಒಂದು ದಿನ ಹಣೆಯನ್ನೇ ಮುಂದೆ ಮಾಡಿಕೊಂಡು. "ಹಣೆ ಗಟ್ಟಿ, ಅಲ್ಲಿ ಹೊಡೀಬೇಡಿ," ಮಾಸ್ತರು ಕಿರುಚುತ್ತಿದ್ದರು. "ಮಗ್ಗುಲು ತೋರಿಸೋವರೆಗೂ ಉಸಿರು ಹಿಡ್ಕೊಳ್ಳಿ. ಹೊಡೆದ ಮೇಲೆ ಅಲ್ಲೇ ಕೂತು ಸೊಗಸು ನೋಡಬೇಡಿ, ಹೊಗೆ ನಿಮ್ಮ ವಿಳಾಸ ಹೇಳುತ್ತೆ, ಜಾಗ ಬಿಡಿ!" ಇಬ್ಬರಿಬ್ಬರು ಎರಡು ಕಡೆಯಿಂದ ತೆವಳುವುದನ್ನು ಕಲಿತರು. ಮೊದಲ ಮೂರು ದಿನ ಯಾರದ್ದೂ ತಗುಲಲಿಲ್ಲ. ನಾಲ್ಕನೆಯ ದಿನ ದಪ್ಪ ಹುಡುಗನದ್ದು ಚಕ್ರಕ್ಕೆ ಬಡಿಯಿತು. ಅವನು ಜಾಗ ಬಿಡುವುದನ್ನು ಮರೆತು ಅಲ್ಲೇ ಕುಣಿದ, ಮಾಸ್ತರ ಕೈಯಲ್ಲಿ ಬೈಸಿಕೊಂಡ.

ಮಗಳು ತಾಯಿಯ ಜೊತೆ ಒಂದು ವಾರ ಮಾತಾಡಲಿಲ್ಲ. ಬೆಸುಗೆ ಅಕ್ಕ ಆ ಮೌನಕ್ಕೂ ಒಂದು ತಟ್ಟೆ ಹಾಕಿದವಳ ಹಾಗೆ ಎದುರು ಕೂತು ಉಣ್ಣುತ್ತಿದ್ದಳು. ಎಂಟನೆಯ ದಿನ ಸಂಜೆ ತೇಪೆ ಹಾಕಲು ಹೋದಾಗ ಟ್ಯಾಂಕಿನ ಹಿಂಭಾಗದಲ್ಲಿ ಮೊದಲ ಬಾರಿ ಒಂದು ತೂತು ಕಂಡಿತು. ಯಾರದ್ದೆಂದು ಅವಳು ಕೇಳಲಿಲ್ಲ. ಆ ರಾತ್ರಿ ಮಗಳು ತಾನಾಗಿಯೇ ಇನ್ನೊಂದು ಸೌಟು ಸಾರು ಕೇಳಿ ಹಾಕಿಸಿಕೊಂಡಳು.

ಹನ್ನೆರಡನೆಯ ಮುಂಜಾನೆ ತಾಯಿ ಎಣ್ಣೆಗೈಯಲ್ಲೇ ಒಳಗೆ ಬಂದಾಗ ಮಗಳು ಬೂಟಿನ ದಾರ ಬಿಗಿಯುತ್ತ ಕೂತಿದ್ದಳು. ನಾಳೆ ಲಾರಿ. ಗೋಡೆಗೆ ಆನಿಸಿದ ಚೀಲ ತುಂಬಿ ಬಾಯಿ ಕಟ್ಟಿಯಾಗಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ.

"ಅಮ್ಮ, ಇವತ್ತು ಎಲ್ಲಿಟ್ಟಿದ್ದೀಯ?"

"ಹುಡ್ಕು."

"ಕೊನೇ ದಿನ, ಹೇಳಬಾರದಾ? ಅದು ಗೋಡೆ ಹಿಂದೇನಾ, ಹಳ್ಳದಲ್ಲಾ?"

"ಅಲ್ಲಿ ಯಾರನ್ನ ಕೇಳ್ತೀಯ? ಹೋಗಿ ಹುಡ್ಕು."

ಮಗಳು ನಕ್ಕಳು, ಹೆಲ್ಮೆಟ್ ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ತಿರುಗಿ, ಹೊಡೆಯುವ ಮುನ್ನ ನೋಡುವ ಹಾಗೆಯೇ ಹಿಂದೆ ನೋಡಿದಳು. ತಾಯಿ ಅಲ್ಲೇ ನಿಂತಿದ್ದಳು.

ಆ ದಿನ ಸಂಜೆ ಬೆಸುಗೆ ಅಕ್ಕ ತೇಪೆ ಹಾಕಲಿಲ್ಲ. ಮಗ್ಗುಲಲ್ಲಿ, ಬೆನ್ನಲ್ಲಿ, ಚಕ್ರದ ಬಳಿ, ಎಲ್ಲೆಂದರಲ್ಲಿ ಹರಿದಿದ್ದ ತಗಡನ್ನು ಹಾಗೇ ಬಿಟ್ಟಳು. ಮುಂದೆ ಈ ಕೆಲಸಕ್ಕೆ ಬರುವವರು ಮೊದಲು ಅದನ್ನು ನೋಡಲಿ. ಸುಣ್ಣದ ನಾಲ್ಕು ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಟ್ರ್ಯಾಕ್ಟರಿಗೆ ಹಾಕಿಕೊಂಡಳು. ಅವನ್ನು ಬೇಲಿಯಾಚೆ, ತನ್ನ ಶೆಡ್ಡಿನೆದುರು ಸುರಿದು, ಗೇಟಿನವನ ಕೈಗೆ ತನ್ನ ಬಳಿಯಿದ್ದ ಗೇಟಿನ ಕೀಲಿ ಕೊಟ್ಟು, ಮೈದಾನದ ಕಡೆ ತಿರುಗಿ ನೋಡದೆ ಮನೆಯೊಳಕ್ಕೆ ಹೋದಳು.